ಹಳೆಯ ಕಾರಿಗೆ ತಕ್ಕ ತೈಲ: ಬೆಲೆಗಿಂತ ಹೊಂದಾಣಿಕೆಯೇ ಮುಖ್ಯ

ಸಣ್ಣ ವೆಚ್ಚಗಳ ಬಗೆಗಿನ ಉದಾಸೀನವು ಕೊನೆಗೆ ಆಸ್ತಿಯ ಮೌಲ್ಯವನ್ನೇ ಕುಗ್ಗಿಸುತ್ತದೆ ಎಂಬುದು ಲೆಕ್ಕಪತ್ರ ಬಲ್ಲವರಿಗೆಲ್ಲ ತಿಳಿದ ವಿಷಯ. ಹಳೆಯ ಮೋಟಾರು ಕಾರುಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು, 50 ವರ್ಷ ಮೀರಿದ ಹಾಗೂ ಮೂಲ ಸ್ವರೂಪದಲ್ಲಿ ಉಳಿದಿರುವ ವಾಹನಗಳಿಗೆ ‘ವಿಂಟೇಜ್’ ಮಾನ್ಯತೆಯನ್ನೂ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನೂ ಕಲ್ಪಿಸಿವೆ. ಮೂಲ ಎಂಜಿನ್ನನ್ನು ಕೆಡದಂತೆ ಉಳಿಸಿಕೊಳ್ಳುವ ಅಗತ್ಯ ಇದರಿಂದ ಇನ್ನಷ್ಟು ಹೆಚ್ಚಿದೆ.

ಉದಾಹರಣೆಗೆ ಬ್ರಿಟನ್ನಿನ ಎಂಜಿಬಿ ರೋಡ್‌ಸ್ಟರ್ ಕಾರನ್ನು ಪರಿಶೀಲಿಸೋಣ. ಮೇಲ್ಛಾವಣಿಯನ್ನು ಮಡಚಿ ತೆರೆಯಬಹುದಾದ, 1,798 ಸಿ.ಸಿ. ಎಂಜಿನ್ನಿನ ಈ ಕಾರು ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು.

ಎಂಜಿನ್ ಆಯಿಲ್

ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್‌ಗಳು ಒಂದರ ಮೇಲೊಂದು ಉಜ್ಜುತ್ತ ಚಲಿಸುತ್ತವೆ. ಅವುಗಳ ಸವೆತವನ್ನು ತಡೆಯುವುದು ಎಣ್ಣೆಯಲ್ಲಿ ಬೆರೆಸಿರುವ, ಸತು ಮತ್ತು ರಂಜಕವುಳ್ಳ ಜೆಡ್‌ಡಿಡಿಪಿ ಎಂಬ ಸಂಯುಕ್ತ. ಹೊಸ ಕಾರುಗಳ ಕೆಟಲಿಟಿಕ್ ಕನ್ವರ್ಟರ್‌ಗೆ ರಂಜಕವು ಹಾನಿಕರವಾದ್ದರಿಂದ, 2004ರಲ್ಲಿ ಬಂದ ಎಪಿಐ ‘ಎಸ್‌ಎಂ’ ದರ್ಜೆಯು 5ಡಬ್ಲ್ಯೂ-30 ಮುಂತಾದ ತೆಳು ಎಣ್ಣೆಗಳಲ್ಲಿ ಅದರ ಪ್ರಮಾಣವನ್ನು ಶೇ. 0.08ಕ್ಕೆ ಮಿತಿಗೊಳಿಸಿತು. 20ಡಬ್ಲ್ಯೂ-50ಕ್ಕೆ ಈ ಮಿತಿ ಅನ್ವಯಿಸದು. ಆದುದರಿಂದ ದುಬಾರಿ ಬೆಲೆಯ ತೆಳು ಸಿಂಥೆಟಿಕ್ ಎಣ್ಣೆಗಿಂತ ಸಾಧಾರಣ ಬೆಲೆಯ 20ಡಬ್ಲ್ಯೂ-50 ಖನಿಜ ತೈಲವೇ ಇಲ್ಲಿ ಸೂಕ್ತ. ಆದರೂ ತಯಾರಕರ ಮಾಹಿತಿ ಪತ್ರದಲ್ಲಿ ಸತುವಿನ ಪ್ರಮಾಣವನ್ನು ನೋಡಿಯೇ ಕೊಳ್ಳತಕ್ಕದ್ದು.

ಗೇರ್ ಮತ್ತು ಕಾರ್ಬುರೇಟರ್

ಎಂಜಿಬಿಯ ಸಾಧಾರಣ ಗೇರ್‌ಬಾಕ್ಸಿಗೂ ಎಂಜಿನ್ ಆಯಿಲ್ಲನ್ನೇ ಹಾಕಬೇಕು. ‘ಜಿಎಲ್-5’ ದರ್ಜೆಯ ಗೇರ್ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಅಧಿಕ. ಅವು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಲ್ಲವು. ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರಿಗಾದರೋ ಇಪಿ 90 ಗೇರ್ ಆಯಿಲ್ ಬೇಕೇ ಬೇಕು. ಎಸ್‌ಯು ಕಾರ್ಬುರೇಟರಿನ ಡ್ಯಾಶ್‌ಪಾಟ್‌ಗೆ ಎಸ್‌ಎಇ 20 ತೆಳು ಎಣ್ಣೆ ಸಾಕು.

ಬ್ರೇಕ್ ದ್ರವ

ಪ್ರಾಣಕ್ಕೆ ಸಂಬಂಧಿಸಿದ ಈ ವಿಷಯದಲ್ಲಿ ರಾಜಿ ಸಲ್ಲದು. ಡಾಟ್ 3, ಡಾಟ್ 4 ಮತ್ತು ಡಾಟ್ 5.1 ಗ್ಲೈಕಾಲ್ ಆಧಾರಿತ ದ್ರವಗಳು. ಡಾಟ್ 5 ಮಾತ್ರ ಸಿಲಿಕೋನ್. ಹೆಸರಿನ ಸಾಮ್ಯಕ್ಕೆ ಮೋಸಹೋಗಿ ಇವುಗಳನ್ನು ಬೆರೆಸಕೂಡದು. ಗ್ಲೈಕಾಲ್ ದ್ರವವು ಗಾಳಿಯ ತೇವಾಂಶವನ್ನು ಹೀರುತ್ತದೆ. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ದ್ರವಕ್ಕೆ ಮಾನದಂಡ ಒಪ್ಪುವ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. ಎರಡು ವರ್ಷಕ್ಕೊಮ್ಮೆ ಪೂರ್ಣವಾಗಿ ಬದಲಿಸುವುದು ಕ್ಷೇಮ. ಬಣ್ಣದ ಮೇಲೆ ಚೆಲ್ಲಿದರೆ ಒಡನೆಯೇ ನೀರಿನಿಂದ ತೊಳೆಯಬೇಕು. ಖನಿಜ ತೈಲವು ಈ ವ್ಯವಸ್ಥೆಗೆ ಸೇರಿದರೆ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಕೂಲೆಂಟ್

ಹಳೆಯ ರೇಡಿಯೇಟರಿನ ತಾಮ್ರ, ಹಿತ್ತಾಳೆ ಮತ್ತು ಬೆಸುಗೆಗೆ ಸಿಲಿಕೇಟ್‌ಯುಕ್ತ ಸಾಂಪ್ರದಾಯಿಕ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಒಗ್ಗುತ್ತದೆ. ದೀರ್ಘ ಬಾಳಿಕೆಯ ‘ಒಎಟಿ’ ಮಾದರಿಯ ಕೂಲೆಂಟ್‌ಗಳನ್ನು ವರ್ಜಿಸುವುದು ಲೇಸು. ಬೆರೆಸಲು ಬೋರ್‌ವೆಲ್ಲಿನ ಗಡಸು ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬಳಸತಕ್ಕದ್ದು.

ನಿಂತ ಕಾರಿಗೂ ಸವಕಳಿ

ತೆರೆದ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅಲ್ಪ ದೂರ ಓಡಿ ನಿಂತ ಎಂಜಿನ್ನಿನ ಎಣ್ಣೆಯಲ್ಲಿ ತೇವ ಮತ್ತು ಆಮ್ಲಗಳು ಶೇಖರವಾಗಿ ಬೇರಿಂಗ್‌ಗಳನ್ನು ಕೊರೆಯುತ್ತವೆ. ಆದ್ದರಿಂದ ಕಿಲೋಮೀಟರ್ ಲೆಕ್ಕವನ್ನು ಬದಿಗಿಟ್ಟು ವರ್ಷಕ್ಕೊಮ್ಮೆ, ಅದರಲ್ಲೂ ದೀರ್ಘಕಾಲ ನಿಲ್ಲಿಸುವ ಮುನ್ನ, ಎಣ್ಣೆ ಬದಲಿಸಬೇಕು. ಪ್ರತಿ ಬದಲಾವಣೆಯ ದಿನಾಂಕ, ದರ್ಜೆ ಮತ್ತು ಬಿಲ್ಲನ್ನು ಒಂದು ಪುಸ್ತಕದಲ್ಲಿ ಇಡುವುದು ಒಳಿತು. ಮಾರಾಟದ ಸಂದರ್ಭದಲ್ಲಿ ಕೊಳ್ಳುವವರು ಮೊದಲು ಕೇಳುವ ದಾಖಲೆಗಳಲ್ಲಿ ಅದೂ ಒಂದು.

ತೈಲ ವ್ಯಾಪಾರದಲ್ಲಿರುವ ಸದಸ್ಯ ಮಿತ್ರರಿಗೊಂದು ವಿನಂತಿ: ಗ್ರಾಹಕರು ‘ಅತ್ಯುತ್ತಮವಾದದ್ದು ಕೊಡಿ’ ಎಂದಾಗ ಅತ್ಯಂತ ದುಬಾರಿ ಡಬ್ಬವನ್ನು ಮುಂದಿಡದೆ, ಕಾರು ಯಾವ ವರ್ಷದ್ದು, ಕೈಪಿಡಿ ಏನು ಹೇಳುತ್ತದೆ ಎಂದು ವಿಚಾರಿಸಿರಿ. ಅಂದಿನ ಮಾರಾಟದ ಮೊತ್ತ ಕೊಂಚ ಕಡಿಮೆಯಾದೀತು. ಆದರೆ ಆ ಗ್ರಾಹಕರು ನಿಮ್ಮಲ್ಲಿಗೇ ಮರಳಿ ಬರುವರು.