ಸರ್ಕಾರಿ ಖರ್ಚಿನ ಸಂನ್ಯಾಸ

1892ರ ಮಾರ್ಚ್ 7. ದಕ್ಷಿಣ ಜರ್ಮನಿಯ ಮೌಲ್‌ಬ್ರೊನ್ ಮಠಶಾಲೆಯಲ್ಲಿ ಮಧ್ಯಾಹ್ನದ ಪಾಠಕ್ಕೆ ಒಬ್ಬ ಹುಡುಗ ಬರಲಿಲ್ಲ. ಕಾಲ್ವ್ ಊರಿನಲ್ಲಿದ್ದ ಅವನ ಮನೆಗೆ ತಂತಿ ಹೋಯಿತು. ಹದಿನಾಲ್ಕರ ಹುಡುಗ, ಮೈಮೇಲೆ ಕೋಟಿಲ್ಲ. ಹಿಮಗಟ್ಟುವ ಚಳಿಯಲ್ಲಿ ರಾತ್ರಿಯೆಲ್ಲ ಹೊರಗೇ ಕಳೆದ. ಮರುದಿನ ಪೊಲೀಸಿನವನೊಬ್ಬ ಹಿಡಿದು ತಂದು ಒಪ್ಪಿಸಿದ. ಹೇಳದೆ ಕೇಳದೆ ಶಾಲೆ ಬಿಟ್ಟುಹೋದ ತಪ್ಪಿಗೆ ಎಂಟು ಗಂಟೆ ಕೋಣೆಯಲ್ಲಿ ಕೂಡಿಹಾಕಿದರು. ಹುಡುಗನ ಹೆಸರು ಹರ್ಮನ್ ಹೆಸ್ಸೆ.

ನಮ್ಮಲ್ಲಿ ಹೆಸ್ಸೆ ಎಂದರೆ 'ಸಿದ್ಧಾರ್ಥ', ಅಲ್ಲಿಗೆ ಮುಗಿಯಿತು. ಅವನು ಹನ್ನೊಂದು ವರ್ಷ ಹೆಣಗಾಡಿ ಬರೆದ 'ಗಾಜಿನ ಮಣಿಗಳ ಆಟ'ದ ಮಾತೆತ್ತಿದರೆ, ಅಧ್ಯಾತ್ಮ, ಸಂಗೀತ, ಧ್ಯಾನ ಎಂದು ಯಾರೋ ಕಣ್ಣು ಮುಚ್ಚುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಆ ಕಾದಂಬರಿಯಲ್ಲಿ ಬಜೆಟ್ ಇದೆ, ಇಲಾಖೆ ಇದೆ, ಅರ್ಜಿ ಇದೆ, ಅರ್ಜಿ ತಿರಸ್ಕರಿಸಿದ ಉತ್ತರವೂ ಇದೆ. ಅದರ ಬೇರು ಮೌಲ್‌ಬ್ರೊನ್‌ನಲ್ಲಿದೆ ಎಂಬುದು ನನ್ನ ವಾದ.

1147ರಲ್ಲಿ ಸಿಸ್ಟರ್ಸಿಯನ್ ಸಂನ್ಯಾಸಿಗಳು ಕಟ್ಟಿದ ಮಠ ಅದು. ಮತಸುಧಾರಣೆಯ ಗಾಳಿ ಬೀಸಿದ ಮೇಲೆ, 1556ರಲ್ಲಿ, ವುರ್ಟೆಂಬರ್ಗಿನ ದೊರೆ ಕ್ರಿಸ್ಟೋಫ್ ಅದನ್ನು ಶಾಲೆ ಮಾಡಿದ. ನಾಡಿಗೆಲ್ಲ ಒಂದೇ ಪರೀಕ್ಷೆ. ಪಾಸಾದ ಹುಡುಗರಿಗೆ ಊಟ, ವಸತಿ, ಲ್ಯಾಟಿನ್, ಗ್ರೀಕ್ ಎಲ್ಲವೂ ಸರ್ಕಾರದ ಲೆಕ್ಕದಲ್ಲಿ. ಓದು ಮುಗಿಸಿ ಪಾದ್ರಿಯೋ ಮೇಷ್ಟರೋ ಆಗಿ ಅದೇ ಸರ್ಕಾರದ ಸೇವೆಗೆ ನಿಲ್ಲಬೇಕು. ಖಗೋಳಜ್ಞ ಕೆಪ್ಲರ್ ಓದಿದ್ದು ಇಲ್ಲೇ. ಕವಿ ಹೋಲ್ಡರ್ಲಿನ್ ಕೂಡ.

ಹೆಸ್ಸೆಯ ತಾಯಿಯ ತಂದೆ, ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್, ಇದೇ ಮೌಲ್‌ಬ್ರೊನ್‌ನಲ್ಲಿ ಓದಿ ಟ್ಯೂಬಿಂಗೆನ್‌ಗೆ ಹೋದವರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಟ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿದವರೇ. ಹೆಸ್ಸೆಯ ತಂದೆ ಯೋಹಾನ್ನೆಸ್ ಬಾಸೆಲ್ ಮಿಷನ್ನಿನಿಂದ ನಮ್ಮ ಕರಾವಳಿಗೆ ಬಂದು, ಆರೋಗ್ಯ ಕೆಟ್ಟು 1873ರಲ್ಲಿ ಊರಿಗೆ ಮರಳಿದರು. ಈ ಮನೆತನದ ಹುಡುಗನಿಗೆ ಸ್ವಿಸ್ ಪೌರತ್ವವಿತ್ತು. ಪರೀಕ್ಷೆಗೆ ಕೂರಲು ವುರ್ಟೆಂಬರ್ಗಿನ ಪ್ರಜೆಯಾಗಿರಬೇಕೆಂಬ ನಿಯಮ. ಹಾಗಾಗಿ 1890ರಲ್ಲಿ ಮನೆಯವರಲ್ಲಿ ಅವನೊಬ್ಬನನ್ನೇ ಆ ನಾಡಿನ ಪ್ರಜೆ ಮಾಡಿಸಿದರು. ವಿದ್ಯೆಗೂ ಸರ್ಕಾರದ ಮುದ್ರೆಗೂ ಇರುವ ನಂಟು ಅವನಿಗೆ ಗೊತ್ತಾದದ್ದು ಹದಿಮೂರನೇ ವಯಸ್ಸಿಗೆ.

ಮಧ್ಯದ ದಶಕಗಳನ್ನು ದಾಟಿಬಿಡೋಣ. 1931ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಮೊಂಟಾನ್ಯೋಲಾದಲ್ಲಿ ಕೂತು ಅವನು ಈ ಕಾದಂಬರಿಗಾಗಿ ಕ್ಯಾಸ್ಟಾಲಿಯಾ ಎಂಬ ಪ್ರಾಂತವನ್ನು ಕಲ್ಪಿಸತೊಡಗಿದ. ಅಲ್ಲಿನವರಿಗೆ ಆಸ್ತಿಯಿಲ್ಲ, ಮದುವೆಯಿಲ್ಲ, ರಾಜಕೀಯವಿಲ್ಲ. ಓದು ಮುಗಿಸಿದವರು ಎಷ್ಟು ವರ್ಷ ಬೇಕಾದರೂ ಏನು ಬೇಕಾದರೂ ಸಂಶೋಧಿಸಬಹುದು, ಯಾರೂ ಕೇಳುವವರಿಲ್ಲ. ಖರ್ಚು ನಾಡಿನದು. ಪ್ರತಿಯಾಗಿ ಹೊರಗಿನ ಶಾಲೆಗಳಿಗೆ ಅವರು ಮೇಷ್ಟರನ್ನು ಕಳಿಸಿಕೊಡುತ್ತಾರೆ. ಮೌಲ್‌ಬ್ರೊನ್‌ನಿಂದ ದೇವರನ್ನು ತೆಗೆದು ಸಂಗೀತವನ್ನೂ ಗಣಿತವನ್ನೂ ಕೂರಿಸಿದರೆ ಉಳಿಯುವುದು ಹೆಚ್ಚುಕಡಿಮೆ ಇದೇ.

ಇಡೀ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಯೋಸೆಫ್ ಕ್ನೆಶ್ಟ್ ಬರೆಯುವ ಸುತ್ತೋಲೆಯ ಅಧ್ಯಾಯವನ್ನು. ಪುಸ್ತಕಕ್ಕೆ ಹೆಸರು ಕೊಟ್ಟ ಆಟದ ಪರಮಗುರು ಆತ, ಪ್ರಾಂತದ ಅತಿ ದೊಡ್ಡ ಹುದ್ದೆಗಳಲ್ಲೊಂದು. ಗೆಳೆಯ ಟೆಗುಲಾರಿಯಸ್ ಹಳೆಯ ದಾಖಲೆಗಳನ್ನು ಕೆದಕಿ ಹುರುಪಿನಿಂದ ಸಾಮಗ್ರಿ ಕಲೆಹಾಕಿಕೊಡುತ್ತಾನೆ. ಕ್ನೆಶ್ಟ್ ತನ್ನದೇ ಮಾತಿನಲ್ಲಿ ಶಿಕ್ಷಣ ಮಂಡಳಿಗೆ ಬರೆಯುತ್ತಾನೆ. ನಾವು ಇತಿಹಾಸ ಓದುವುದಿಲ್ಲ, ನಮ್ಮನ್ನು ಸಾಕುವವರು ಯಾರೆಂಬುದನ್ನೇ ಮರೆತಿದ್ದೇವೆ. ನಾಳೆ ಯುದ್ಧದ ಕಾಲ ಬಂದು ಸೇನಾಧಿಕಾರಿಗಳ ಮಾತು ನಡೆಯತೊಡಗಿದರೆ ಮೊದಲು ಕತ್ತರಿ ಬೀಳುವುದು ಈ ಆಟದ ಅನುದಾನಕ್ಕೇ, ಆದ್ದರಿಂದ ನನ್ನನ್ನು ಈ ಹುದ್ದೆಯಿಂದ ಬಿಡಿಸಿ ಹೊರಗೆ ಸಾಮಾನ್ಯ ಶಾಲಾ ಮೇಷ್ಟರಾಗಿ ಕಳಿಸಿ ಎಂಬುದು ಪತ್ರದ ಸಾರಾಂಶ. ಉತ್ತರ ಬರುತ್ತದೆ. ಎಷ್ಟು ಸಭ್ಯ ಉತ್ತರ! ಕಾಳಜಿಯನ್ನು ಮೆಚ್ಚಿದ್ದೇವೆ, ಆತಂಕವನ್ನು ಒಪ್ಪುವುದಿಲ್ಲ, ಕೋರಿಕೆ ಮನ್ನಿಸಲಾಗದು. ಕಚೇರಿಗೆ ಅರ್ಜಿ ಹಾಕಿ ಕಾದ ಯಾರಿಗೂ ಈ ಧಾಟಿ ಹೊಸದಲ್ಲ. ಇಲ್ಲಿ ಅಧಿಕಾರಿಗಳೂ ಪಂಡಿತರೇ ಎಂಬುದು ಹೆಸ್ಸೆಯ ಕುಹಕ. ಕ್ನೆಶ್ಟ್ ಹೊರಟೇ ಬಿಡುತ್ತಾನೆ, ಈ ಸಲ ಹಿಡಿದು ತರಲು ಪೊಲೀಸರಿಲ್ಲ. ಹೊಸ ಕೆಲಸ ಶುರುವಾಗುವ ಹೊತ್ತಿಗೇ, ಶಿಷ್ಯನ ಬೆನ್ನುಹತ್ತಿ ಬೆಟ್ಟದ ಕೊಳಕ್ಕಿಳಿದು ಮುಳುಗಿ ಸಾಯುತ್ತಾನೆ.

ಮೊದಲ ಕರಡುಗಳಲ್ಲಿ ಹಿಟ್ಲರನ ಜರ್ಮನಿಯನ್ನು ನೇರವಾಗಿಯೇ ತಿವಿಯುವ ಭಾಗವಿತ್ತು. ಅದನ್ನು ಹೆಸ್ಸೆ ತೆಗೆದುಹಾಕಿದ. ಇಷ್ಟು ತಗ್ಗಿಸಿದರೂ ಉಪಯೋಗವಾಗಲಿಲ್ಲ. 1942ರಲ್ಲಿ ಪ್ರಕಾಶಕ ಪೀಟರ್ ಸುರ್‌ಕಾಂಪ್ ಹಸ್ತಪ್ರತಿಯನ್ನು ಬರ್ಲಿನ್ನಿನ ಅಧಿಕಾರಿಗಳ ಮುಂದಿಟ್ಟರೆ, ತಿಂಗಳುಗಟ್ಟಲೆ ಇಟ್ಟುಕೊಂಡು ಆಗದೆಂದರು. ಪುಸ್ತಕ 1943ರಲ್ಲಿ ಜ್ಯೂರಿಕ್‌ನಲ್ಲಿ ಅಚ್ಚಾಯಿತು. ಮರುವರ್ಷ ಗೆಸ್ಟಾಪೊ ಸುರ್‌ಕಾಂಪ್‌ನನ್ನು ಬಂಧಿಸಿತು. ಸೆರೆಶಿಬಿರ ಕಂಡು, ಆರೋಗ್ಯ ಹಾಳುಮಾಡಿಕೊಂಡು ಹೊರಬಂದ ಆತನೇ 1946ರಲ್ಲಿ ಜರ್ಮನಿಯಲ್ಲಿ ಅದನ್ನು ಪ್ರಕಟಿಸಿದ. ಹೆಸ್ಸೆಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಕಾದಂಬರಿಯ ಕೊನೆಗೆ ಕ್ನೆಶ್ಟ್ ಬರೆದನೆನ್ನುವ ಮೂರು ಕಲ್ಪಿತ ಜೀವನಕಥೆಗಳಿವೆ, ಒಂದು ಭಾರತದ್ದು. ನಾಲ್ಕನೆಯದು ಹದಿನೆಂಟನೇ ಶತಮಾನದ ವುರ್ಟೆಂಬರ್ಗಿನದು. ಪಾದ್ರಿಯಾಗಲು ಓದಿ, ಆ ದಾರಿ ಬಿಟ್ಟು ಸಂಗೀತಕ್ಕೆ ತಿರುಗುವ ಹುಡುಗನ ಕಥೆ. ತಾನು ಓಡಿಬಂದ ನೆಲಕ್ಕೆ ಅಷ್ಟು ಹತ್ತಿರದ ಈ ಕಥೆಯನ್ನೇ ಹೆಸ್ಸೆ ಎರಡು ಸಲ ಬರೆಯಲು ಹೊರಟು, ಎರಡು ಸಲವೂ ಅರ್ಧಕ್ಕೆ ಬಿಟ್ಟ. ಅದು ಪುಸ್ತಕದೊಳಗೆ ಸೇರಲೇ ಇಲ್ಲ. ಪ್ರಕಟವಾದದ್ದು 1965ರಲ್ಲಿ, ಅವನು ಸತ್ತು ಮೂರು ವರ್ಷವಾದ ಮೇಲೆ.