ಚಟ್ಟಿಯ ತಳದಲ್ಲಿ ನಿಂತ ನೀರು

ಮಂಗಳೂರಿನ ಜೆಪ್ಪುವಿನಲ್ಲಿರುವ ನಮ್ಮ ಮನೆಯ ಅಂಗಳವು ಹತ್ತು ಹೆಜ್ಜೆಗೆ ಮುಗಿಯುತ್ತದೆ. ಅಲ್ಲಿಯೇ ಲಿಂಬೆ ಬೆಳೆಯಬೇಕೆಂಬ ಹಂಬಲದಿಂದ ನಾವು ಒಂದು ಕಸಿಗಿಡವನ್ನು ತಂದು ಚಟ್ಟಿಯಲ್ಲಿ ನೆಟ್ಟೆವು. ಬೀಜದಿಂದ ಹುಟ್ಟಿದ ಗಿಡವು ಫಲ ಕೊಡಲು ಹಲವು ವರ್ಷಗಳು ಬೇಕು. ಕಾಯಿಬಿಟ್ಟ ಮರದಿಂದ ಮಾಡಿದ ಕಸಿಯು ಬೇಗನೆ ಫಲಿಸುತ್ತದೆ. ಕಸಿಗೆ ಆಧಾರವಾದ ಬೇರು ಕುಬ್ಜ ತಳಿಯದಾದರೆ ಮರವೂ ಗಿಡ್ಡವಾಗಿಯೇ ಉಳಿಯುತ್ತದೆ.

ನಮ್ಮ ಗಿಡವು ಬೇಸಗೆಯಲ್ಲಿ ಚೆನ್ನಾಗಿ ಚಿಗುರಿತು. ಆಟಿ ತಿಂಗಳ ಮಳೆಯಲ್ಲಿ ಎಲೆಗಳು ಹಳದಿಯಾಗಿ ಉದುರಿ ಸತ್ತುಹೋಯಿತು. ಕಿತ್ತು ನೋಡಿದರೆ ಬೇರೆಲ್ಲ ಕೊಳೆತಿತ್ತು. ನೀರು ಬಸಿದುಹೋಗಲೆಂದು ಚಟ್ಟಿಯ ತಳದಲ್ಲಿ ಹೆಂಚಿನ ಚೂರುಗಳನ್ನು ದಪ್ಪವಾಗಿಯೇ ಹಾಸಿದ್ದೆವು. 1860ರ ದಶಕದಲ್ಲಿ ಬಾಸೆಲ್ ಮಿಶನ್ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಈ ನೆಲದಲ್ಲಿ ಹೆಂಚಿನ ಚೂರಿಗೆ ಬರವೇ? ಹಾಗಿದ್ದೂ ಬೇರು ಕೊಳೆತುದೇಕೆ?

ತಪ್ಪು ಆ ಚೂರುಗಳಲ್ಲಿಯೇ ಇತ್ತು. ಮಣ್ಣಿನ ಸಣ್ಣ ರಂಧ್ರಗಳು ಕೇಶಾಕರ್ಷಣದಿಂದ ನೀರನ್ನು ಹಿಡಿದಿಡುತ್ತವೆ. ಕಾಲು ಮಿಲಿಮೀಟರು ತ್ರಿಜ್ಯದ ಗಾಜಿನ ನಾಳದಲ್ಲಿ ನೀರು ಸುಮಾರು 6 ಸೆಂಟಿಮೀಟರು ಎತ್ತರಕ್ಕೆ ನಿಲ್ಲುತ್ತದೆ. ತ್ರಿಜ್ಯವು 1 ಮಿಲಿಮೀಟರಾದರೆ ಒಂದೂವರೆ ಸೆಂಟಿಮೀಟರು ಮಾತ್ರ. ಅಂತೆಯೇ, ತೂತಿನಿಂದ ಸೋರುವುದು ನಿಂತ ಮೇಲೂ ನುಣುಪು ಮಣ್ಣಿನ ಬುಡದಲ್ಲಿ ಒಂದು ಜೌಗು ಪದರವು ಉಳಿಯುತ್ತದೆ. ಚೂರುಗಳ ನಡುವಣ ದೊಡ್ಡ ಸಂದುಗಳಿಗೆ ಆ ನೀರನ್ನು ಕೆಳಕ್ಕೆ ಸೆಳೆಯುವ ಬಲವಿಲ್ಲ. ಆದಕಾರಣ ಜೌಗು ಪದರವು ಚೂರುಗಳ ಮೇಲೆಯೇ ನಿಂತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ. ಫೈಟಾಫ್ತೊರ ಎಂಬ ರೋಗಾಣುವಿನ ಬೀಜಕಣಗಳು ಆ ನೀರಿನಲ್ಲಿಯೇ ಈಜಿ ಬೇರನ್ನು ಸೇರುತ್ತವೆ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒದ್ದೆಮಾಡಿದ ಸ್ಪಂಜನ್ನು ಮಟ್ಟಸವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಬಳಿಕ ಅದನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಇಳಿಯತೊಡಗುವುದು! ಸ್ಪಂಜು ಅದೇ, ಬದಲಾದುದು ಎತ್ತರವೊಂದೇ. ಎತ್ತರದ ಚಟ್ಟಿಯಲ್ಲಿಯೂ ಹೀಗೆಯೇ, ಜೌಗಿನ ಮೇಲೆ ಬೇರಿಗೆ ಹೆಚ್ಚು ಒಣ ಜಾಗ ದೊರೆಯುತ್ತದೆ.

ಎರಡನೆಯ ಗಿಡಕ್ಕೆ ನಾವು ಎತ್ತರದ ಚಟ್ಟಿಯನ್ನೇ ಆರಿಸಿದೆವು. ಹೆಂಚನ್ನು ಕುಟ್ಟಿ, ಜರಡಿಯಾಡಿ, ನುಣುಪು ಪುಡಿಯನ್ನು ಚೆಲ್ಲಿ, ಉಳಿದ ತರಿಯನ್ನು ಮೇಲಿನಿಂದ ತಳದವರೆಗೂ ಮಣ್ಣಿನಲ್ಲಿ ಬೆರೆಸಿದೆವು. ಕಸಿಯ ಗಂಟು ಮಣ್ಣಿನಿಂದ ಮೇಲಿರುವಂತೆ ನೆಟ್ಟು, ಚಟ್ಟಿಯನ್ನು ಮುರಕಲ್ಲಿನ ತುಂಡುಗಳ ಮೇಲೆ ಏರಿಸಿದೆವು. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಆ ಗಿಡವು ಎರಡು ಮಳೆಗಾಲಗಳನ್ನು ದಾಟಿ ಈಗ ಹೂ ಬಿಟ್ಟಿದೆ. ಮಳೆಯೂ ಅದೇ, ಹೆಂಚೂ ಅದೇ. ಇಟ್ಟ ಜಾಗ ಮಾತ್ರ ಬೇರೆ.