ಡಿಸೋಜರು ಎಲ್ಲಿಂದ ಬಂದರು?

ಮಂಗಳೂರಿನಿಂದ ಬೆಂಗಳೂರಿನ ಕಡೆಗೆ ಹೊರಟ ಬಸ್ಸು ಬಂಟ್ವಾಳದ ಬಳಿ ನೇತ್ರಾವತಿಯನ್ನು ದಾಟಿ, ಪಾಣೆಮಂಗಳೂರನ್ನು ಹಿಂದೆ ಹಾಕಿದೊಡನೆ ಮೆಲ್ಕಾರ್ ಸಿಗುತ್ತದೆ. ಮುಡಿಪು, ಕೊಣಾಜೆಗಳ ಕಡೆಗೆ ದಾರಿ ಕವಲೊಡೆಯುವುದು ಇಲ್ಲಿಯೇ. ಇಲ್ಲಿ ಬಸ್ಸಿಗಾಗಿ ಕಾದು ನಿಂತವನಿಗೆ ಓದಲು ಬೇರೇನೂ ಇಲ್ಲದಿದ್ದರೆ ಹೆಸರುಗಳುಂಟು. ಅಂಗಡಿಯ ಫಲಕದಲ್ಲಿ, ವಕೀಲರ ಬಾಗಿಲಲ್ಲಿ, ಲಾರಿಯ ಹಣೆಯ ಮೇಲೆ ಭಟ್ಟರು, ಶೆಟ್ಟರು, ಪೂಜಾರಿಗಳು, ಬ್ಯಾರಿಗಳು ಎಲ್ಲರೂ ಸಿಗುತ್ತಾರೆ. ಅವರ ನಡುವೆ ಪಿಂಟೊ, ಲೋಬೊ, ಫೆರ್ನಾಂಡಿಸ್, ಮತ್ತೆ ಮತ್ತೆ ಡಿಸೋಜಾ.

ಕೆಲವು ವರ್ಷಗಳ ಹಿಂದೆ ಘಟ್ಟದ ಮೇಲಿನಿಂದ ಬಂದ ಒಬ್ಬ ಸ್ನೇಹಿತರು ನನ್ನೊಡನೆ ಇಲ್ಲಿ ನಿಂತಿದ್ದಾಗ, ಅಂಥ ಒಂದು ಫಲಕವನ್ನು ನೋಡಿ, “ಇವರೆಲ್ಲ ಪೋರ್ಚುಗೀಸರ ವಂಶದವರೇ ಏನು?” ಎಂದು ಕೇಳಿದರು. ನಾನು ಉತ್ತರಕ್ಕೆ ತಡವರಿಸುವಷ್ಟರಲ್ಲಿ ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಮುದುಕರೊಬ್ಬರು, “ಎಲ್ಲಿಯ ಪೋರ್ಚುಗೀಸರು ಸ್ವಾಮಿ, ಅವರು ನಮ್ಮ ಪೊರ್ಬುಗಳಲ್ಲವೆ?” ಎಂದುಬಿಟ್ಟರು. ಸ್ನೇಹಿತರಿಗೆ ಆ ಮಾತು ಅರ್ಥವಾಗಲಿಲ್ಲ. ಆದರೆ ಅವರ ಪ್ರಶ್ನೆಗೆ ಉತ್ತರವಿದ್ದದ್ದು ಆ ಒಂದು ತುಳು ಶಬ್ದದಲ್ಲಿ. ಅದನ್ನು ಬಿಡಿಸಿ ಹೇಳಲು ಸ್ವಲ್ಪ ದೂರದಿಂದಲೇ ಬರಬೇಕು.

ಪೋರ್ಚುಗಲ್ ದೇಶದ ಉತ್ತರ ಭಾಗದಲ್ಲಿ ಸೋಜಾ ಎಂಬ ಒಂದು ಸಣ್ಣ ನದಿ ಹರಿಯುತ್ತದೆ. ಅಲ್ಲಿನವರ ಉಚ್ಚಾರದಲ್ಲಿ ಅದು ‘ಸೋಝ’ ಎಂಬುದಕ್ಕೆ ಹತ್ತಿರ. ಪೋರ್ತೊ ನಗರಕ್ಕೆ ಸ್ವಲ್ಪ ಮೇಲೆ ಅದು ದೌರೊ ಎಂಬ ಮಹಾನದಿಯನ್ನು ಸೇರಿಕೊಳ್ಳುತ್ತದೆ. ನಮ್ಮ ನೇತ್ರಾವತಿಯ ಮುಂದೆ ನಿಲ್ಲುವ ನದಿಯೇನೂ ಅಲ್ಲ. ಮಧ್ಯಯುಗದಲ್ಲಿ ಆ ಕಣಿವೆಯ ಒಡೆಯರಾಗಿದ್ದ ಒಂದು ಮನೆತನ ತಮ್ಮನ್ನು ‘ಸೋಜಾದವರು’ ಎಂದು ಕರೆದುಕೊಂಡಿತು. ‘ದೆ’ ಎಂದರೆ ಪೋರ್ಚುಗೀಸಿನಲ್ಲಿ ಷಷ್ಠೀ ವಿಭಕ್ತಿಯ ಕೆಲಸ ಮಾಡುವ ಶಬ್ದ. ‘ದೆ ಸೋಜಾ’ ಇಂಗ್ಲಿಷರ ಬಾಯಲ್ಲಿ ಹಾದು ನಮ್ಮಲ್ಲಿ ಡಿಸೋಜಾ ಆಯಿತು. ಇದರಲ್ಲಿ ಅಪರೂಪವೇನೂ ಇಲ್ಲ. ಪಂಜೆ ಮಂಗೇಶರಾಯರು, ಸೇಡಿಯಾಪು ಕೃಷ್ಣ ಭಟ್ಟರು, ಕಡೆಂಗೋಡ್ಲು ಶಂಕರ ಭಟ್ಟರು ಎಂದು ನಾವು ಹೇಳುವಾಗ ಮುಂದೆ ನಿಲ್ಲುವುದೂ ಊರಿನ ಅಥವಾ ಮನೆಯ ಹೆಸರೇ. ನಾವು ಮುಂದೆ ಇಟ್ಟದ್ದನ್ನು ಅವರು ಹಿಂದೆ ಇಟ್ಟರು.

ನಮ್ಮ ಕರಾವಳಿಯ ಕ್ರೈಸ್ತರ ಉಳಿದ ಕುಲನಾಮಗಳನ್ನು ಬಿಡಿಸಿ ನೋಡಿದರೂ ಹೀಗೆಯೇ ಮನೆಯ ಹಿತ್ತಿಲು, ಕಾಡು, ಗುಡ್ಡಗಳೇ ಕಾಣುತ್ತವೆ. ಪಿರೇರಾ ಎಂದರೆ ಪೇರು ಹಣ್ಣಿನ ಜಾತಿಯ ಒಂದು ಮರ, ಒಲಿವೆರಾ ಎಂದರೆ ಆಲಿವ್ ಮರ, ಸಿಲ್ವಾ ಎಂದರೆ ಕಾಡು, ಲೋಬೊ ತೋಳ, ಕುವೆಲ್ಹೊ ಮೊಲ. ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊನ ಮಗ, ಅಷ್ಟೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಮೇಲೆ ಕನ್ನಡಿಗರೆಲ್ಲರಿಗೂ ಆ ಹೆಸರು ಪರಿಚಯವಾಯಿತು. ಅದರ ಅರ್ಥ ಓಕ್ ಮರ. ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಗೆ ಮರದ ಹೆಸರೇ ಒದಗಿದ್ದು ಸೊಗಸಾದ ಆಕಸ್ಮಿಕ.

ಈಗ ಈ ನದಿಯ ಹೆಸರು ಗೋವೆಗೆ ಬಂದದ್ದು ಹೇಗೆ? ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. 1542ರಿಂದ 1545ರವರೆಗೆ ಅಲ್ಲಿ ಗವರ್ನರನಾಗಿದ್ದವನ ಹೆಸರು ಮಾರ್ತಿಂ ಅಫೊನ್ಸೊ ದೆ ಸೋಜಾ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಬಂದಿಳಿದದ್ದು ಇವನ ಜೊತೆಗೇ. ಮುಂದೆ ನೊರೊನ್ಹಾ, ಮಸ್ಕರೇನ್ಹಸ್ ಎಂಬ ಹೆಸರಿನ ವೈಸರಾಯರೂ ಬಂದರು. ಆ ಶತಮಾನದಲ್ಲಿ ತಿಸ್ವಾಡಿ, ಬಾರ್ದೇಶ, ಸಾಷ್ಟಿ ಪ್ರಾಂತಗಳ ಹಳ್ಳಿಗಳಲ್ಲಿ ಜನರನ್ನು ಗುಂಪುಗುಂಪಾಗಿ ಕ್ರೈಸ್ತರನ್ನಾಗಿ ಮಾಡಿದರು. ದೀಕ್ಷಾಸ್ನಾನದ ದಿವಸ ಪ್ರತಿಯೊಬ್ಬರಿಗೂ ಒಬ್ಬ ಧರ್ಮಪಿತ ಬೇಕು. ಆ ಜಾಗದಲ್ಲಿ ನಿಂತವರು ಪೋರ್ಚುಗೀಸ್ ಅಧಿಕಾರಿಗಳು, ಸಿಪಾಯಿಗಳು, ಸರದಾರರು. ಕೆಲವೊಮ್ಮೆ ಪಾದ್ರಿಗಳ ಹೆಸರೇ ಸಾಕಾಯಿತು. ಯಾರು ನಿಂತರೋ ಅವರ ಕುಲನಾಮ ಹೊಸ ಕ್ರೈಸ್ತನಿಗೆ ಬಂತು. ಒಬ್ಬ ಸರದಾರ ಒಂದು ಹಳ್ಳಿಯ ನೂರಾರು ಮಂದಿಗೆ ಧರ್ಮಪಿತನಾದರೆ ಆ ನೂರಾರು ಮಂದಿಯೂ ಒಂದೇ ದಿನದಲ್ಲಿ ಡಿಸೋಜರಾದರು. ಅಣ್ಣನಿಗೆ ಒಬ್ಬ, ತಮ್ಮನಿಗೆ ಇನ್ನೊಬ್ಬ ಧರ್ಮಪಿತ ಸಿಕ್ಕಿದರೆ ಒಡಹುಟ್ಟಿದವರ ಕುಲನಾಮವೇ ಬೇರೆಬೇರೆಯಾಗುತ್ತಿತ್ತು.

ಎಂದ ಮೇಲೆ ಈ ಹೆಸರು ಹೇಳುವುದು ರಕ್ತದ ಕಥೆಯನ್ನಲ್ಲ. ನಾನೂರೈವತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನೀರಿನ ಪಾತ್ರೆಯ ಬಳಿ ಯಾರು ನಿಂತಿದ್ದರು ಎಂಬುದನ್ನು. ನಮ್ಮ ಜಿಲ್ಲೆಯ ಮದುವೆಯ ಕರೆಯೋಲೆಗಳನ್ನು ನೋಡಿದವರಿಗೆ ಇದರ ಪುರಾವೆ ಸುಲಭವಾಗಿ ಸಿಗುತ್ತದೆ. ವರನೂ ಡಿಸೋಜಾ, ವಧುವೂ ಡಿಸೋಜಾ; ಯಾರೂ ಹುಬ್ಬೇರಿಸುವುದಿಲ್ಲ. ತುಳುವರಲ್ಲಿ ಒಂದೇ ‘ಬರಿ’ಯವರು, ಬ್ರಾಹ್ಮಣರಲ್ಲಿ ಒಂದೇ ಗೋತ್ರದವರು ಮದುವೆಯಾಗುವಂತಿಲ್ಲ, ಏಕೆಂದರೆ ಅಲ್ಲಿ ಹೆಸರು ಎಂದರೆ ಒಂದೇ ಬಳ್ಳಿ. ಡಿಸೋಜಾ ಎಂಬುದು ಬಳ್ಳಿಯಲ್ಲ. ಇಗರ್ಜಿಯ ಕಟ್ಟಳೆ ನೋಡುವುದು ಹತ್ತಿರದ ರಕ್ತಸಂಬಂಧವನ್ನು, ಕುಲನಾಮವನ್ನಲ್ಲ.

ಹಾಗಾದರೆ ಹಳೆಯ ಹೆಸರು ಎಲ್ಲಿ ಹೋಯಿತು? ಕೆಲವು ಕಡೆ ಎಲ್ಲಿಗೂ ಹೋಗಲಿಲ್ಲ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆತನಗಳಲ್ಲಿ ಹಲವು ತಾವು ಮೂಲದಲ್ಲಿ ಪ್ರಭು, ಕಾಮತ್, ಪೈ, ಶೆಣೈ, ನಾಯಕ್, ಶೇಟ್ ಆಗಿದ್ದೆವೆಂಬುದನ್ನು ಮನೆಯೊಳಗೆ ನೆನಪಿಟ್ಟುಕೊಂಡು ಬಂದಿವೆ. ಇಗರ್ಜಿಯ ಪುಸ್ತಕದಲ್ಲಿ ಒಂದು ಹೆಸರು, ಅಜ್ಜಿಯ ಬಾಯಲ್ಲಿ ಇನ್ನೊಂದು. ಇನ್ನು ಆ ಮುದುಕರ ಮಾತಿಗೆ ಬರೋಣ. ‘ಪ್ರಭು’ ಎಂಬುದೇ ತುಳುವರ ನಾಲಗೆಯಲ್ಲಿ ‘ಪೊರ್ಬು’ ಆಯಿತು. ಪ್ರಭುಗಳಲ್ಲದವರನ್ನೂ ಸೇರಿಸಿ ಕೊಂಕಣಿ ಕ್ಯಾಥೊಲಿಕರನ್ನೆಲ್ಲ ತುಳುನಾಡು ಹಾಗೆಯೇ ಕರೆಯಿತು. ಅವರು ತಮ್ಮ ಹಳೆಯ ಹೆಸರನ್ನು ಮರೆತಿದ್ದರೂ ನೆರೆಯವರು ಮರೆಯಲಿಲ್ಲ. ಒಂದು ಜನದ ಪೂರ್ವದ ನೆನಪನ್ನು ಇನ್ನೊಂದು ಜನದ ಭಾಷೆ ಹೀಗೆ ಕಾಪಾಡಿಕೊಟ್ಟ ಉದಾಹರಣೆಗಳು ಹೆಚ್ಚಿಲ್ಲ.

ಗೋವೆಯಿಂದ ಇವರು ತೆಂಕಣಕ್ಕೆ ಇಳಿದದ್ದು ಒಂದೇ ಸಲಕ್ಕಲ್ಲ. ಯುದ್ಧ, ಬರ, ಕಾಯಿಲೆ, ತೆರಿಗೆ, 1560ರಲ್ಲಿ ಅಲ್ಲಿ ಸ್ಥಾಪನೆಯಾದ ‘ಇನ್‌ಕ್ವಿಸಿಷನ್’ ಎಂಬ ಧರ್ಮವಿಚಾರಣೆಯ ನ್ಯಾಯಾಲಯದ ಭಯ, 1683ರಲ್ಲಿ ಮರಾಠರ ದಾಳಿ — ಒಂದೊಂದು ಕಾರಣಕ್ಕೆ ಒಂದೊಂದು ಅಲೆ. ಕೆಳದಿಯ ಅರಸರ ಕಾಲದಲ್ಲಿ ಇಲ್ಲಿ ನೆಲೆನಿಂತು ಗದ್ದೆ ತೋಟ ಮಾಡಿದರು. ಬಂಟ್ವಾಳದ ಸುತ್ತ ಅಗ್ರಾರ್, ಮೊಡಂಕಾಪುಗಳ ಇಗರ್ಜಿಗಳಿಗೆ ಸೇರಿದ ಮನೆಗಳು ಈ ಸಂತತಿಯವು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸಾವಿರಗಟ್ಟಲೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸ್ಪೆಟ್‌ನ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಚೌಟ ಅರಸರ ಬಿನ್ನಹದಿಂದ ಉಳಿಯಿತೆಂದು ಪ್ರತೀತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಮರಳಿ ಬಂದರು. ಭೂಮಿ ಕೈತಪ್ಪಿತ್ತು, ಇಗರ್ಜಿಯೂ ಇಲ್ಲ, ಅದರ ಪುಸ್ತಕವೂ ಇಲ್ಲ. ಕಾಗದದಲ್ಲಿ ಇದ್ದದ್ದು ಹೋದಾಗ ನಾಲಗೆಯ ಮೇಲಿದ್ದದ್ದು ಉಳಿಯಿತು. ಆ ಹೊತ್ತಿಗೆ ಡಿಸೋಜಾ ಎಂಬುದು ಎರಡು ಶತಮಾನಗಳಷ್ಟು ಹಳತಾಗಿ, ಯಾರೋ ಕೊಟ್ಟ ಹೆಸರಾಗಿ ಉಳಿಯದೆ, ಕಷ್ಟದಲ್ಲಿ ಹೊತ್ತು ತಂದ ಹೆಸರಾಗಿತ್ತು. ಹೆಸರು ಯಾರದು ಎಂದು ಕೇಳುವವರು ಈ ಹದಿನೈದು ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದೇ ಹೆಸರು ಇದೇ ಕಾಲದಲ್ಲಿ ಇನ್ನೊಂದು ದಿಕ್ಕಿಗೂ ಹಡಗೇರಿತ್ತು. 1549ರಲ್ಲಿ ಬ್ರೆಜಿಲಿನ ಮೊದಲ ಗವರ್ನರ್ ಜನರಲ್ ಆಗಿ ಹೋದವನು ತೊಮೆ ದೆ ಸೋಜಾ. ಇಂದು ಬ್ರೆಜಿಲಿನಲ್ಲಿ ಇದು ಅತಿ ಸಾಮಾನ್ಯವಾದ ಕುಲನಾಮಗಳಲ್ಲೊಂದು. ಅಲ್ಲಿಯೂ ಎಲ್ಲರೂ ಪೋರ್ಚುಗೀಸರ ಮಕ್ಕಳಲ್ಲ. ಆಫ್ರಿಕದಿಂದ ಹಿಡಿದು ತಂದ ಗುಲಾಮರಿಗೆ ಒಡೆಯರ ಹೆಸರು, ಧರ್ಮಪಿತರ ಹೆಸರು ಅಂಟಿಕೊಂಡದ್ದು ಧಾರಾಳವಾಗಿ ಉಂಟು. ಅದೇ ಹೆಸರು ಬ್ರೆಜಿಲಿನಿಂದ ಸಾಗರ ದಾಟಿ ಆಫ್ರಿಕಕ್ಕೂ ತಿರುಗಿ ಹೋಯಿತು. ಬ್ರೆಜಿಲಿನಲ್ಲಿ ಹುಟ್ಟಿದ ಫ್ರಾನ್ಸಿಸ್ಕೊ ಫೆಲಿಕ್ಸ್ ದೆ ಸೋಜಾ ಈಗಿನ ಬೆನಿನ್ ದೇಶದ ವೀದಾ ಬಂದರಿನಲ್ಲಿ ಗುಲಾಮರ ವ್ಯಾಪಾರ ಮಾಡಿ ದೊಡ್ಡ ಕುಳವಾಗಿ 1849ರಲ್ಲಿ ತೀರಿಕೊಂಡನು. ಆ ದೇಶದಲ್ಲಿ ಇಂದಿಗೂ ದೆ ಸೋಜಾ ದೊಡ್ಡ ಮನೆತನ. ಕೊತೊನು ನಗರದ ಆರ್ಚ್‌ಬಿಷಪ್ಪರಾಗಿದ್ದ ಇಸಿಡೋರ್ ದೆ ಸೋಜಾ 1990ರಲ್ಲಿ ಅಲ್ಲಿ ಪ್ರಜಾಪ್ರಭುತ್ವಕ್ಕೆ ದಾರಿ ಮಾಡಿಕೊಟ್ಟ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಗುಲಾಮರ ವ್ಯಾಪಾರಿಗೂ ಸ್ವಾತಂತ್ರ್ಯದ ಸಭಾಪತಿಗೂ ಒಂದೇ ಕುಲನಾಮ.

ಸಿಂಹಳದಲ್ಲಿ ಇದು ದೆ ಸೊಯ್ಸಾ, ದೆ ಝೊಯ್ಸಾ ಆಯಿತು. 19ನೆಯ ಶತಮಾನದಲ್ಲಿ ಆ ದ್ವೀಪದ ಪ್ರಸಿದ್ಧ ದಾನಿಯಾಗಿದ್ದವರು ಚಾರ್ಲ್ಸ್ ಹೆನ್ರಿ ದೆ ಸೊಯ್ಸಾ. ಸಿಂಹಳೀಯರು ಒಂದು ಜಾಣತನ ಮಾಡಿದರು: ‘ಗೆ’ ಎಂದು ಕೊನೆಗೊಳ್ಳುವ ತಮ್ಮ ಹಳೆಯ ಮನೆತನದ ಹೆಸರನ್ನೂ ಬಿಡದೆ ಪೋರ್ಚುಗೀಸ್ ಹೆಸರಿನ ಮುಂದೆ ಜೋಡಿಸಿ ಬರೆದರು. ನಮ್ಮವರು ಅಜ್ಜಿಯ ನೆನಪಿಗೆ ಬಿಟ್ಟದ್ದನ್ನು ಅವರು ಕಾಗದದಲ್ಲೇ ಉಳಿಸಿಕೊಂಡರು. ಮಲಕ್ಕಾ, ಸಿಂಗಾಪುರಗಳಲ್ಲೂ ಈ ಹೆಸರಿನವರಿದ್ದಾರೆ. ಕರಾಚಿಗೆ ಹೋದ ಗೋವೆಯವರಲ್ಲಿದ್ದಾರೆ. ಗೋವೆಯಲ್ಲಿ ಹುಟ್ಟಿದ ಅಂತಾವ್ ಡಿಸೋಜಾ 1959ರಿಂದ 1962ರವರೆಗೆ ಪಾಕಿಸ್ತಾನದ ಪರವಾಗಿ ಟೆಸ್ಟ್ ಕ್ರಿಕೆಟ್ ಆಡಿದರು. ರೇಡಿಯೋ ಕೇಳುವವರಿಗೆ ಇನ್ನೊಂದು ಹೆಸರು ಹತ್ತಿರದ್ದು. ಅಮೆರಿಕದ ಬ್ಯಾಂಡ್ ಸಂಗೀತದ ‘ಮಾರ್ಚ್’ಗಳನ್ನು ರಚಿಸಿ ಜಗತ್ತಿಗೆಲ್ಲ ಹೆಜ್ಜೆ ಹಾಕಿಸಿದ ಜಾನ್ ಫಿಲಿಪ್ ಸೂಸಾ ಪೋರ್ಚುಗೀಸ್ ಮೂಲದ ತಂದೆಯ ಮಗ. ಬ್ಯಾಂಡಿನವರು ಮೈಗೆ ಸುತ್ತಿಕೊಂಡು ಊದುವ ಆ ಭಾರಿ ಕಹಳೆಗೆ ಸೂಸಾಫೋನ್ ಎಂಬ ಹೆಸರು ಬಂದದ್ದು ಅವನಿಂದ, ಎಂದರೆ ಕೊನೆಗೆ ಆ ಪುಟ್ಟ ನದಿಯಿಂದಲೇ.

ಒಂದು ಪ್ರಶ್ನೆ ಬರಬಹುದು. ಹೆಸರು ಕೊಡುವುದು ಪಾದ್ರಿಗಳ ಪದ್ಧತಿಯಾಗಿದ್ದರೆ ಮುಂದೆ ಬಂದ ಇಟಲಿಯವರು ಏಕೆ ಕೊಡಲಿಲ್ಲ? 1878ರ ಕೊನೆಯ ದಿನ ವೆನಿಸ್ ಪ್ರಾಂತದ ಜೆಸುವಿಟರು ಮಂಗಳೂರಿಗೆ ಬಂದಿಳಿದರು. ಅವರಲ್ಲಿ ಆಂಜೆಲೊ ಮಾಫೆಯಿ ಕೊಂಕಣಿಗೆ ವ್ಯಾಕರಣವನ್ನೂ ನಿಘಂಟನ್ನೂ ಮಾಡಿಕೊಟ್ಟರು. ಆಂತೋನಿಯೊ ಮೊಸ್ಕೇನಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದರು. ಆದರೆ ಮಾಫೆಯಿ ಎಂಬ ಮನೆತನವಾಗಲಿ, ಮೊಸ್ಕೇನಿ ಎಂಬ ಮನೆತನವಾಗಲಿ ಬಂಟ್ವಾಳದಲ್ಲಿಯೂ ಇಲ್ಲ, ಬೆಳ್ತಂಗಡಿಯಲ್ಲಿಯೂ ಇಲ್ಲ. ಅವರು ಬರುವ ಹೊತ್ತಿಗೆ ಇಲ್ಲಿನವರ ಕುಲನಾಮಗಳಿಗೆ ಮುನ್ನೂರು ವರ್ಷವಾಗಿತ್ತು. ಹೆಸರಿನೊಂದಿಗೆ ಮನುಷ್ಯನನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಳ್ಳುವ ಅಧಿಕಾರವೂ ಅವರಿಗಿರಲಿಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರೂ ಹೆಸರು ಬದಲಿಸಲು ಹೋಗಲಿಲ್ಲವಾದ್ದರಿಂದ ನಮ್ಮ ಪ್ರೊಟೆಸ್ಟಂಟರಲ್ಲಿ ಇಂದಿಗೂ ಕುಂದರ್, ಅಂಚನ್ ಮೊದಲಾದ ಬರಿಯ ಹೆಸರುಗಳೇ ಇವೆ.

ಕನ್ನಡ ಲಿಪಿಗೆ ಬಂದ ಮೇಲೆ ಈ ಹೆಸರಿನ ಪಾಡು ಬೇರೆ. ಪೋರ್ಚುಗಲ್ಲಿನಲ್ಲಿ ಇಂದು ‘ಎಸ್’ ಅಕ್ಷರ ಹಾಕಿ ಬರೆಯುತ್ತಾರೆ. ‘ಝೆಡ್’ ಹಾಕುವ ಹಳೆಯ ರೂಢಿ ಗೋವೆಯಲ್ಲಿ, ನಮ್ಮಲ್ಲಿ, ಬ್ರೆಜಿಲಿನಲ್ಲಿ ಉಳಿಯಿತು. ಕನ್ನಡದಲ್ಲಿ ಡಿಸೋಜ, ಡಿಸೋಜಾ, ಡಿಸೋಝಾ, ಡಿ’ಸೋಜ ಎಲ್ಲವೂ ಉಂಟು. ಆ ನೆತ್ತಿಯ ಮೇಲಿನ ಅಲ್ಪವಿರಾಮದಂಥ ಗುರುತು ಬಹಳ ತೊಂದರೆ ಕೊಡುವಂಥದು. ನನ್ನ ಸಹಪಾಠಿಯೊಬ್ಬರ ಶಾಲೆಯ ಪ್ರಮಾಣಪತ್ರದಲ್ಲಿ ಅದಿತ್ತು, ಪಡಿತರ ಚೀಟಿಯಲ್ಲಿರಲಿಲ್ಲ, ಜಾಗದ ಪಹಣಿಯಲ್ಲಿ ‘ಡಿ’ ಬೇರೆ, ‘ಸೋಜ’ ಬೇರೆ. ಮೂವರೂ ಒಬ್ಬನೇ ಎಂದು ಸಾಬೀತು ಮಾಡಲು ಅವರು ಒಂದು ಕಚೇರಿಗೆ ಹನ್ನೊಂದು ಸಲ ಅಲೆದರು. ಕಡೆಯ ಸಲ ಮೇಜಿನ ಹಿಂದಿದ್ದವರು ಕಡತದಿಂದ ತಲೆಯೆತ್ತಿ, “ನಿಮ್ಮದು ಯಾವ ದೇಶ?” ಎಂದು ಕೇಳಿದರಂತೆ. ಸಹಪಾಠಿ, “ಪಾಣೆಮಂಗಳೂರು” ಎಂದರು.

ಸಾಗರದಲ್ಲಿ ಹುಟ್ಟಿ ಬೆಳೆದ ನಾ. ಡಿಸೋಜರು ಶರಾವತಿಯ ನೀರಿನಲ್ಲಿ ಮುಳುಗಿದ ಊರುಗಳ ಕಥೆಯನ್ನು ಕನ್ನಡದಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದರು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಅವರನ್ನು ಕೂರಿಸಿದಾಗ ಹೆಸರು ಯಾವ ದೇಶದ್ದೆಂದು ಯಾರೂ ಕೇಳಲಿಲ್ಲ. 2025ರ ಜನವರಿಯಲ್ಲಿ ಅವರು ತೀರಿಕೊಂಡರು.

ಆ ಸಹಪಾಠಿಯ ತಾಯಿಗೆ ತಮ್ಮ ಮನೆತನದ ಹಳೆಯ ಹೆಸರು ಗೊತ್ತಿತ್ತು. ಮಗ ಅದನ್ನು ಕೇಳಿ ತಿಳಿದುಕೊಂಡಿದ್ದರು, ಬರೆದಿಟ್ಟಿರಲಿಲ್ಲ. ಈಗ ಮೊಮ್ಮಕ್ಕಳು ಕೊಲ್ಲಿಯ ಒಂದು ಪಟ್ಟಣದಲ್ಲಿದ್ದಾರೆ. ಹೋದ ಮೇ ತಿಂಗಳ ರಜೆಯಲ್ಲಿ ಬಂದಿದ್ದ ಹುಡುಗಿಯೊಬ್ಬಳನ್ನು ಮೆಲ್ಕಾರಿನ ಅಂಗಡಿಯವರು “ಪೊರ್ಬುಗಳ ಮನೆಯ ಮಗುವಾ?” ಎಂದು ವಿಚಾರಿಸಿದರು. ಆಕೆ ತಾತನ ಮುಖ ನೋಡಿ, “ಪೊರ್ಬು ಅಂದರೆ ಯಾರು?” ಎಂದು ಕೇಳಿದಳು. ಬಸ್ಸು ಬರಲು ಇನ್ನೂ ಹೊತ್ತಿತ್ತು. ತಾತ ಆಕೆಯನ್ನು ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡು ಗೋವೆಯಿಂದ ಆರಂಭಿಸಿದರು.